ಏಳೂವರೆಯ ಮದುವೆಯೂ ಮುನ್ನೂರು ಚಾನೆಲ್ಲೂ

ಇಂಥವು ನಮ್ಮ ಮನೆಯಲ್ಲೇ ಯಾಕೆ ನಡೆಯುತ್ತವೋ ಗೊತ್ತಿಲ್ಲ. ಬೇರೆಯವರ ಮನೆಯಲ್ಲಿ ಟಿವಿ ಹಾಕುತ್ತಾರೆ, ನೋಡುತ್ತಾರೆ, ಆರಿಸುತ್ತಾರೆ, ಮಲಗುತ್ತಾರೆ. ನಮ್ಮ ಮನೆಯಲ್ಲಿ ಟಿವಿ ಆರಿಸಿದ ಮೇಲೆಯೇ ನಿಜವಾದ ಮನರಂಜನೆ ಶುರು.

ಮನೆ ಮೈಸೂರಿನ ನಜರ್‌ಬಾದಿನಲ್ಲಿ. ಇರುವವರು ಮೂವರು. ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಾಲೆಯಲ್ಲಿ ಹೇಳುತ್ತಾರೆ. ಅದು ಅಲ್ಲಿಂದ ಕದಲಿದ್ದನ್ನು ನೋಡಿಲ್ಲ ಎಂದು ಮನೆಯಲ್ಲಿ ಹೇಳುತ್ತಾರೆ. ಯಜಮಾನರಿಗೆ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಹುಟ್ಟಿದಾಗಿನಿಂದ ಯಾರಿಗೂ ‘ಇಲ್ಲ’ ಎಂದವರಲ್ಲ. ನನ್ನನ್ನು ಮದುವೆಯಾದದ್ದೂ ಹಾಗೆಯೇ ಇರಬೇಕು. ಮೂರನೆಯವರು ನನ್ನ ಅತ್ತೆ, ಅಂದರೆ ಯಜಮಾನರ ತಾಯಿ.

ಅತ್ತೆಗೆ ಸಂಜೆ ಏಳೂವರೆಗೆ ಒಂದು ಧಾರಾವಾಹಿ. ಆರು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ. ಅದರ ನಾಯಕಿಯ ಮದುವೆ ಈ ಆರು ವರ್ಷದಲ್ಲಿ ನಾಲ್ಕು ಸಲ ಮಂಟಪದಲ್ಲೇ ನಿಂತುಹೋಗಿದೆ. ಐದನೇ ಮುಹೂರ್ತ ತಿಂಗಳ ಕೊನೆಯ ಶುಕ್ರವಾರ, ಈ ಸಲ ಖಂಡಿತ, ಎಂದು ಚಾನೆಲ್ಲಿನವರು ದಿನಕ್ಕೆ ಇಪ್ಪತ್ತು ಸಲ ಸಾರುತ್ತಿದ್ದರು. ಸರಿಯಾಗಿ ಅದೇ ತಿಂಗಳು ನನಗೆ ಟಿವಿ ಖರ್ಚು ಇಳಿಸುವ ಹುಚ್ಚು ಹತ್ತಿತು.

ಅತ್ತೆ ಅಡ್ಡಿ ಮಾಡಲಿಲ್ಲ. ಒಂದೇ ಮಾತು ಹೇಳಿದರು: “ನೀನು ಎಷ್ಟು ಬೇಕಾದ್ರೂ ಉಳಿಸ್ಕೋ ಕಣಮ್ಮ. ಆದ್ರೆ ಆ ಹುಡುಗಿ ಕುತ್ತಿಗೆಗೆ ತಾಳಿ ಬೀಳೋದನ್ನ ನಾನು ನೋಡ್ಬೇಕು. ಅದೊಂದು ತಪ್ಪಿತೋ, ನಾನು ನಿನ್ ಜೊತೆ ಮಾತು ಬಿಟ್ಬುಡ್ತೀನಿ.”

ಅತ್ತೆ ಮಾತು ಬಿಡುವುದೆಂದರೆ ಸಣ್ಣ ವಿಷಯವಲ್ಲ. ಹಿಂದೊಮ್ಮೆ ಹನ್ನೊಂದು ದಿನ ಬಿಟ್ಟಿದ್ದರು. ಆಗ ಸಾರಿಗೆ ಉಪ್ಪು ಬಿದ್ದಿದೆಯೇ ಎಂದು ತಿಳಿಯಬೇಕಾದರೆ ನಾನು ಕಾರ್ಖಾನೆಗೆ ಫೋನು ಮಾಡಬೇಕಿತ್ತು. ಯಜಮಾನರು ಅಲ್ಲಿಂದ ಮನೆಗೆ ಮಾಡಿ ತಾಯಿಯನ್ನು ಕೇಳಿ, ಮತ್ತೆ ನನಗೆ ಮಾಡಿ ಹೇಳುತ್ತಿದ್ದರು. ನಾವಿಬ್ಬರೂ ನಿಂತಿದ್ದದ್ದು ಒಂದೇ ಅಡುಗೆಮನೆಯಲ್ಲಿ.

ಒಂದು: ಬೇಕಾದ್ದು ಮಾತ್ರ

ಮೊದಲು ನಮಗಿದ್ದದ್ದು ಕೇಬಲ್ಲು. ತಿಂಗಳಿಗೆ ಮುನ್ನೂರ ಎಂಬತ್ತು ರೂಪಾಯಿ, ಮುನ್ನೂರಕ್ಕೂ ಹೆಚ್ಚು ಚಾನೆಲ್ಲು. ನಾವು ನೋಡುತ್ತಿದ್ದದ್ದು ಒಂಬತ್ತು. ಉಳಿದವುಗಳಲ್ಲಿ ಯಾವುದೋ ಭಾಷೆಯಲ್ಲಿ ಯಾರೋ ಮೀನು ಹಿಡಿಯುತ್ತಿದ್ದರು, ಇನ್ಯಾರೋ ಉಂಗುರ ಮಾರುತ್ತಿದ್ದರು. ಇವರು ಮೀನು ಹಿಡಿಯುವುದಕ್ಕೆ ನಾನೇಕೆ ದುಡ್ಡು ಕೊಡಬೇಕು ಎಂದು ಒಂದು ಭಾನುವಾರ ನನಗೆ ರೇಗಿಹೋಯಿತು. ಬಿಲ್ಲಿನ ದುಡ್ಡಿಗೆ ಬಂದ ಕೇಬಲ್ಲಿನವರನ್ನು ಕೂರಿಸಿ, ಕಾಫಿ ಕೊಟ್ಟು, “ನೋಡಿ, ನಮಗೆ ಬೇಕಾದ ಒಂಬತ್ತು ಮಾತ್ರ ಕೊಡಿ. ಅಷ್ಟಕ್ಕೆ ಎಷ್ಟಾಗುತ್ತೋ ಅಷ್ಟೇ ಕೊಡ್ತೀನಿ” ಎಂದೆ.

“ಬ್ಯಾಡ ಬುಡಿ ಮೇಡಂ, ತಲೆ ಕೆಡ್ತದೆ,” ಎಂದರು ಅವರು.

“ನಾನು ಗಣಿತದ ಟೀಚರು ಕಣ್ರೀ. ಪಟ್ಟಿ ಕೊಡಿ.”

ಅವರು ಚೀಲದಿಂದ ಪಟ್ಟಿ ತೆಗೆದುಕೊಟ್ಟರು. ಎಂಟು ಹಾಳೆ, ಇರುವೆ ಸಾಲಿನಂಥ ಅಕ್ಷರ. ಅತ್ತೆಯ ಧಾರಾವಾಹಿಯ ಚಾನೆಲ್ಲು ಒಂಟಿಯಾಗಿ ತೆಗೆದುಕೊಂಡರೆ ಹತ್ತೊಂಬತ್ತು ರೂಪಾಯಿ. ಅದೇ ಚಾನೆಲ್ಲನ್ನು ಅದರ ಅಣ್ಣ, ತಮ್ಮ, ಚಿಕ್ಕಪ್ಪನ ಮಗ, ಯಾವತ್ತೂ ಮುಖ ನೋಡಿರದ ದಾಯಾದಿಗಳ ಸಮೇತ ತೆಗೆದುಕೊಂಡರೆ ಇಪ್ಪತ್ತೆರಡು. ಯಜಮಾನರ ಕ್ರಿಕೆಟ್ಟು ಒಂದು ಗುಂಪಿನಲ್ಲಿ, ಅದೇ ಕ್ರಿಕೆಟ್ಟು ಕನ್ನಡದಲ್ಲಿ ಬೇಕಾದರೆ ಇನ್ನೊಂದು ಗುಂಪಿನಲ್ಲಿ. ನನ್ನ ಹಳೇ ಹಾಡಿನ ಚಾನೆಲ್ಲು ಉಚಿತ, ಆದರೆ ಉಚಿತ ಚಾನೆಲ್ಲು ಬರಬೇಕಾದರೆ ಅದಕ್ಕೊಂದು ಶುಲ್ಕ. ಇದರ ಮೇಲೆ ತೆರಿಗೆ. ನಾನು ಸೆರಗು ಸಿಕ್ಕಿಸಿಕೊಂಡು ಕೂತೆ. ಅರ್ಧ ನೋಟ್‌ಬುಕ್ಕು ಮುಗಿಯಿತು. ಕೇಬಲ್ಲಿನವರು ಎರಡನೇ ಕಾಫಿ ಕುಡಿದರು, ಅತ್ತೆ ಕೊಟ್ಟ ಚಕ್ಕುಲಿ ತಿಂದರು, ಗೋಡೆಗೊರಗಿ ಸ್ವಲ್ಪ ಕಣ್ಣನ್ನೂ ಮುಚ್ಚಿದರು.

ಕೊನೆಗೆ ಉತ್ತರ ಬಂತು. ಒಂಬತ್ತು ಚಾನೆಲ್ಲಿಗೆ ನಾನ್ನೂರ ಹನ್ನೆರಡು ರೂಪಾಯಿ. ಮುನ್ನೂರು ಚಾನೆಲ್ಲಿಗಿಂತ ಮೂವತ್ತೆರಡು ಹೆಚ್ಚು.

ಮತ್ತೆ ಕೂಡಿದೆ. ಅಷ್ಟೇ ಬಂತು. ಕೆಳಗಿನಿಂದ ಮೇಲಕ್ಕೆ ಕೂಡಿದೆ. ಆಗಲೂ ಅಷ್ಟೇ. ಕೇಬಲ್ಲಿನವರು ನನ್ನ ನೋಟ್‌ಬುಕ್ಕನ್ನು ಬಹಳ ಹೊತ್ತು ನೋಡಿದರು. ಆಮೇಲೆ ತುಂಬ ವಿನಯದಿಂದ, “ನಮ್ ಮಗಳು ನಿಮ್ ಕ್ಲಾಸಲ್ಲೇ ಓದ್ತಾವ್ಳೆ ಮೇಡಂ. ಲೆಕ್ಕಕ್ಕೆ ಬೇರೆ ಕಡೆ ಟ್ಯೂಷನ್ನಿಗೆ ಹಾಕ್ಬುಡ್ಲಾ?” ಎಂದು ಕೇಳಿದರು.

ಎರಡು: ಅಂಗೈ ಅಗಲದ ಮಂಟಪ

ಆ ಸಿಟ್ಟಿಗೆ ಅವತ್ತೇ ಕೇಬಲ್ಲು ಕಿತ್ತುಹಾಕಿಸಿದೆ. ಅದು ಬೆಳಗ್ಗೆ ಹನ್ನೊಂದಕ್ಕೆ. ಏಳೂವರೆಗೆ ಧಾರಾವಾಹಿ ಇದೆ ಎಂದು ನೆನಪಾದದ್ದು ಏಳೂ ಕಾಲಿಗೆ.

ನಮ್ಮ ಮನೆಯಲ್ಲಿ ದೊಡ್ಡ ಫೋನು ಒಂದೇ, ಯಜಮಾನರದ್ದು. ಅತ್ತೆಯದು ಬಟನ್ ಫೋನು. ನನ್ನದೂ ಅದೇ, ಯಾಕೆಂದರೆ ಮಕ್ಕಳ ಫೋನು ಕಿತ್ತಿಟ್ಟುಕೊಳ್ಳುವ ಟೀಚರು ತಾನೇ ಒಂದು ದೊಡ್ಡ ಫೋನು ಹಿಡಿದುಕೊಂಡು ಓಡಾಡಿದರೆ ಚೆನ್ನಾಗಿರುವುದಿಲ್ಲ. ಫೋನಿನಲ್ಲಿ ಮಾತ್ರ ನೋಡಬಹುದಾದ ಅಗ್ಗದ ಪ್ಯಾಕ್ ಒಂದನ್ನು ಯಜಮಾನರು ಆ ಹದಿನೈದು ನಿಮಿಷದಲ್ಲೇ ಹಾಕಿಕೊಟ್ಟರು. ನನಗೆ ಹೆಮ್ಮೆಯೋ ಹೆಮ್ಮೆ. ಖರ್ಚು ಕಾಲು ಭಾಗಕ್ಕೆ ಇಳಿಯಿತು, ಟಿವಿಯೇ ಬೇಡ ಎಂದುಕೊಂಡೆ.

ಆದರೆ ಅತ್ತೆ ಒಬ್ಬರೇ ನೋಡುವವರಲ್ಲ. ಬೀದಿಯ ನಾಲ್ವರು ಹೆಂಗಸರು ದಿನವೂ ಏಳೂ ಇಪ್ಪತ್ತೈದಕ್ಕೆ ಬಂದು ಕೂರುತ್ತಾರೆ. ಅವರವರ ಮನೆಯಲ್ಲಿ ಟಿವಿ ಇದೆ, ಆದರೆ ರಿಮೋಟು ಗಂಡಸರ ಕೈಯಲ್ಲಿದೆ. ಐದು ಜನ ಹೆಂಗಸರು ಒಂದು ಫೋನಿನ ಮೇಲೆ ಬಗ್ಗಿದರು. ಫೋನು ನೀರಿನ ಚೊಂಬಿಗೆ ಒರಗಿ ನಿಂತಿತ್ತು. ನಡುವೆ ಕೂತವರಿಗೆ ಮಾತ್ರ ಕಾಣುತ್ತಿತ್ತು, ಉಳಿದವರು “ಈಗೇನಾಯ್ತು? ಅವಳ್ಯಾಕೆ ಅತ್ಲು?” ಎಂದು ಕೇಳುತ್ತಿದ್ದರು. ಆಮೇಲೆ ಎರಡೆರಡು ನಿಮಿಷಕ್ಕೆ ಜಾಗ ಬದಲಾಯಿಸುವುದು ಎಂದು ತೀರ್ಮಾನವಾಯಿತು.

ಮೂರನೇ ದಿನ ಅತ್ತೆ ತಮ್ಮ ಪಂಚಾಂಗ ಓದುವ ಭೂತಗನ್ನಡಿ ತಂದರು. ಸರಿಯಾಗಿ ಆಗಲೇ ನಾಯಕ ಹತ್ತಿರ ಬಂದು ಮುಖ ತೋರಿಸಿದ. ಭೂತಗನ್ನಡಿಯ ತುಂಬ ಅವನ ಮೂಗು. ಅತ್ತೆ ಬೆಚ್ಚಿಬಿದ್ದು ಹಿಂದೆ ಸರಿದರು. ಆ ಸಂಜೆಯೆಲ್ಲ ಮಂಕಾಗಿದ್ದು, ಊಟಕ್ಕೆ ಕೂತಾಗ ನನ್ನ ಹತ್ತಿರ ಮೆಲ್ಲಗೆ ಹೇಳಿದರು: “ಆರು ವರ್ಷದಿಂದ ನೋಡ್ತಿದ್ರೂ ಗೊತ್ತಾಗಿರ್ಲಿಲ್ಲ ಕಣಮ್ಮ. ಈ ಸಂಬಂಧದ ಬಗ್ಗೆ ಇನ್ನೊಂದ್ಸಲ ಯೋಚನೆ ಮಾಡ್ಬೇಕೇನೋ.”

ಮೂರು: ಬೇಡ ಎನ್ನುವ ತರಬೇತಿ

ಮದುವೆಯನ್ನು ದೊಡ್ಡ ಪರದೆಯಲ್ಲೇ ನೋಡಬೇಕು ಎಂದು ಅತ್ತೆ ಹಟ ಹಿಡಿದರು. ಸರಿ, ಯಾವ ಕಂಪನಿಯದು ಅಗ್ಗ ಎಂದು ಹೋಲಿಸಿ ನೋಡೋಣವೆಂದು ನಾನು ಯಜಮಾನರ ಫೋನಿನಲ್ಲಿ ಒಂದು ಫಾರಂ ತುಂಬಿದೆ. ‘ಯಾವಾಗ ಕರೆ ಮಾಡಬಹುದು?’ ಎಂಬಲ್ಲಿ ‘ಯಾವಾಗ ಬೇಕಾದರೂ’ ಎಂದು ಒತ್ತಿದೆ. ಜೀವನದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಮಾರನೇ ದಿನ ಬೆಳಗ್ಗೆ ಆರೂ ಮುಕ್ಕಾಲಿಗೆ ಶುರುವಾಯಿತು. ನಾನಾಗಿದ್ದರೆ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ಆದರೆ ಫೋನು ಯಜಮಾನರದ್ದು. ಅವರು ಪ್ರತಿಯೊಬ್ಬರಿಗೂ, “ಮನೇಲಿ ಕೇಳಿ ಹೇಳ್ತೀನಿ, ನಾಳೆ ಮಾಡಿ” ಎನ್ನುತ್ತಿದ್ದರು. ಮೈಸೂರಿನವರಿಗೆ ಯಾರ ಮುಖಕ್ಕೂ ಬಾಗಿಲು ಹಾಕುವ ಅಭ್ಯಾಸವಿಲ್ಲ ಎನ್ನುವುದು ನಿಜ, ಆದರೆ ಇವರು ಆ ಬಾಗಿಲಿಗೆ ತೋರಣ ಕಟ್ಟಿ ನಿಲ್ಲಿಸಿದ್ದರು. ನಾಳೆ ಮಾಡಿ ಎಂದರೆ ಅವರು ನಾಳೆ ಮಾಡುತ್ತಾರೆ, ಅದೇ ಅವರ ಕೆಲಸ. ಒಂದು ವಾರದಲ್ಲಿ ಏಳು ಕಂಪನಿಗಳು ಸಾಲಾಗಿ ನಿಂತವು. ಯಜಮಾನರು ಒಂದು ಚೀಟಿಯಲ್ಲಿ ವೇಳಾಪಟ್ಟಿ ಬರೆದು ಕನ್ನಡಿಯ ಮೂಲೆಗೆ ಸಿಕ್ಕಿಸಿಕೊಂಡರು. ಒಬ್ಬರು ಹತ್ತು ನಿಮಿಷ ತಡ ಮಾಡಿದರೆ, “ಯಾಕೋ ಇನ್ನೂ ಮಾಡ್ಲಿಲ್ವಲ್ಲ, ಹುಷಾರಾಗಿದಾರೋ ಇಲ್ವೋ” ಎಂದು ಪೇಚಾಡುತ್ತಿದ್ದರು.

ಭಾನುವಾರ ಅವರನ್ನು ಎದುರಿಗೆ ಕೂರಿಸಿಕೊಂಡು ಪಾಠ ಶುರು ಮಾಡಿದೆ. ನಾನು ಕಂಪನಿಯವಳು, ಅವರು ಗಿರಾಕಿ.

“ಸಾರ್, ಕನೆಕ್ಷನ್ ಬೇಕಾ?”

“ಬೇಡ.”

“ಅರ್ಧ ಬೆಲೆಗೆ ಕೊಡ್ತೀವಿ ಸಾರ್.”

“ಬೇಡ ಅಂದ್ನಲ್ಲ.”

ಹತ್ತು ಸಲ ಹೇಳಿಸಿದೆ. ಹತ್ತು ಸಲವೂ ಸರಿಯಾಗಿ ಹೇಳಿದರು. ನನ್ನ ಮೇಲಿನ ಹಳೇ ಸಿಟ್ಟೂ ಅದರಲ್ಲಿ ಸ್ವಲ್ಪ ಸೇರಿತ್ತು ಎಂದು ಕಾಣುತ್ತದೆ. ಅಷ್ಟರಲ್ಲಿ ನಿಜವಾದ ಕರೆಯೇ ಬಂತು. ಯಜಮಾನರು ಎದೆಯುಬ್ಬಿಸಿ, ಗಂಟಲು ಸರಿಮಾಡಿಕೊಂಡು, ಎರಡು ಮನೆಗೆ ಕೇಳಿಸುವಂತೆ, “ಬೇಡ!” ಎಂದರು. ನಾನು ಚಪ್ಪಾಳೆ ತಟ್ಟಿದೆ. ಆ ಕಡೆ ಏನೂ ಸದ್ದಿಲ್ಲ. ಒಂದು, ಎರಡು, ಮೂರು ಸೆಕೆಂಡು. ಯಜಮಾನರ ಮುಖ ಬಾಡಿತು.

“ಅಯ್ಯೋ, ಬೇಜಾರಾಯ್ತೇನ್ರೀ?” ಎಂದರು. “ನಾಳೆ ಮಾಡಿ.”

ನಾಲ್ಕು: ಮಾರಲು ಬಂದವರಿಗೆ ಮಾರಿದ್ದು

ನನ್ನ ಬೈಗುಳ ತಾಳಲಾರದೆ ಯಜಮಾನರು ಒಂದು ಕಂಪನಿಗೆ, “ಹಗಲು ನಾನು ಕೆಲಸದಲ್ಲಿರ್ತೀನಿ, ನಮ್ಮವ್ವನ ನಂಬರು ತಗೊಳ್ಳಿ” ಎಂದು ಕೊಟ್ಟುಬಿಟ್ಟರು. ಮಾರನೇ ದಿನ ಅತ್ತೆಯ ಬಟನ್ ಫೋನಿಗೆ ಒಬ್ಬಳು ಹುಡುಗಿ ಕರೆ ಮಾಡಿದಳು. ಅವತ್ತು ನನಗೆ ರಜೆ, ಪಕ್ಕದಲ್ಲೇ ಇದ್ದೆ. ಅತ್ತೆಗೆ ಸ್ವಲ್ಪ ಕಿವಿ ಮಂದ, ಫೋನು ಯಾವಾಗಲೂ ಸ್ಪೀಕರಿನಲ್ಲೇ.

“ನಮಸ್ಕಾರ, ನಮ್ಮ ಕಂಪನಿಯಿಂದ ನಿಮಗೊಂದು ವಿಶೇಷ ಕೊಡುಗೆ…”

“ಊಟ ಆಯ್ತೇನಮ್ಮ?” ಎಂದರು ಅತ್ತೆ.

ಆ ಹುಡುಗಿಗೆ ಕಂಪನಿಯವರು ಎಲ್ಲ ಪ್ರಶ್ನೆಗೂ ಉತ್ತರ ಕಲಿಸಿರಬೇಕು. ಇದೊಂದಕ್ಕೆ ಕಲಿಸಿರಲಿಲ್ಲ. “ಇಲ್ಲ ಅಮ್ಮಾ, ಪಿಜಿ ಊಟ ಚೆನ್ನಾಗಿರಲ್ಲ” ಎಂದಳು.

ಮುಗಿಯಿತು. ಐದು ನಿಮಿಷದಲ್ಲಿ ಅತ್ತೆಗೆ ಅವಳ ಊರು ಹುಣಸೂರಿನ ಕಡೆ ಎಂದೂ, ಕಚೇರಿ ಹೂಟಗಳ್ಳಿಯಲ್ಲಿ ಎಂದೂ, ಒಂದು ಹಾಲಿನಲ್ಲಿ ನಲವತ್ತು ಜನ ಕೂತು ಊರಿನವರಿಗೆಲ್ಲ ಫೋನು ಮಾಡುತ್ತಾರೆಂದೂ, ಯಾರ ಬಾಯಿಗೂ ರುಚಿಯಿಲ್ಲವೆಂದೂ ಗೊತ್ತಾಯಿತು. ಆಮೇಲೆ ಅವಳು ದಿನವೂ ಮಾಡಿದಳು. ಪಾಪ, ದಿನವೂ ‘ವಿಶೇಷ ಕೊಡುಗೆ’ಯಿಂದಲೇ ಶುರು ಮಾಡುತ್ತಿದ್ದಳು. ಅತ್ತೆ ಅದನ್ನು ಕೆಮ್ಮೋ ಸೀನೋ ಎಂಬಂತೆ ದಾಟಿಸಿ, “ಅದಿರ್ಲಿ ಬುಡು, ಗಂಟಲು ಎಂಗಿದೆ? ಮೆಣಸಿನ ಕಷಾಯ ಕುಡಿದ್ಯಾ?” ಎನ್ನುತ್ತಿದ್ದರು.

ಮೂರನೇ ದಿನ ಅತ್ತೆ ತಾವು ಮಾಡುವ ಚಟ್ನಿಪುಡಿಯ ಸುದ್ದಿ ತೆಗೆದರು. ನಾಲ್ಕನೇ ದಿನ ಅರ್ಧ ಕೆಜಿ ಪೊಟ್ಟಣ ಯಜಮಾನರ ಊಟದ ಚೀಲದಲ್ಲಿ ಹೂಟಗಳ್ಳಿಗೆ ಹೋಯಿತು. ಆರನೇ ದಿನ ಅವಳ ಅಕ್ಕಪಕ್ಕದ ಕುರ್ಚಿಯವರೂ ಕೇಳಿದರು. ಎರಡು ವಾರ ಕಳೆಯುವಷ್ಟರಲ್ಲಿ ಆ ಕಂಪನಿ ನಮ್ಮ ಮನೆಗೆ ಒಂದು ಕನೆಕ್ಷನ್ನೂ ಮಾರಿರಲಿಲ್ಲ. ಅತ್ತೆ ಆ ಕಂಪನಿಗೆ ನಾಲ್ಕು ಕೆಜಿ ಚಟ್ನಿಪುಡಿ ಮಾರಿದ್ದರು.

ಐದು: ಜ್ವರ

ಇಷ್ಟರಲ್ಲಿ ಯಜಮಾನರಿಗೆ ಯಾರೋ ಹೇಳಿದರು: ತಿಂಗಳ ಬಾಡಿಗೆಯೇ ಇಲ್ಲದ ಡಿಶ್ ಸಿಗುತ್ತದೆ, ಒಂದು ಸಲ ಕೊಂಡರೆ ಮುಗಿಯಿತು. ನನ್ನ ಕಿವಿ ನೆಟ್ಟಗಾಯಿತು. ಕೂರಿಸುವವನಿಗೆ ಯಾಕೆ ದುಡ್ಡು, ನಾನೇ ಕೂರಿಸುತ್ತೇನೆ ಎಂದು ಯಜಮಾನರು ಕಾರ್ಖಾನೆಗೆ ‘ತೀವ್ರ ಜ್ವರ’ ಎಂದು ರಜೆ ಹೇಳಿ ಸ್ಪ್ಯಾನರು ಹಿಡಿದು ತಾರಸಿ ಹತ್ತಿದರು.

ಡಿಶ್ ಯಾವ ಕಡೆ ನೋಡಬೇಕು ಎಂದು ಅವರಿಗೆ ಗೊತ್ತಿರಲಿಲ್ಲ. ಬೀದಿಗೆಲ್ಲ ಗೊತ್ತಿತ್ತು. ಹೂವಿನವಳು ಬುಟ್ಟಿ ಇಳಿಸಿ ನಿಂತು, “ಬೆಟ್ಟದ ಕಡೆ ತಿರುಗ್ಸಿ ಸಾ” ಎಂದಳು. ಆಟೋದವರೊಬ್ಬರು ಗಾಡಿ ನಿಲ್ಲಿಸಿ, “ಬೆಟ್ಟ ಬ್ಯಾಡ, ಮಂಡಕಳ್ಳಿ ಕಡೆಗೆ ಎತ್ತಿ, ಇಮಾನ ಹೋಗ್ತದಲ್ಲ, ಅಂಗೇ” ಎಂದರು. ಯಜಮಾನರು ಯಾರಿಗೂ ಇಲ್ಲ ಎನ್ನುವವರಲ್ಲವಲ್ಲ, ಎಲ್ಲರ ಮಾತಿನಂತೆ ಒಂದೊಂದು ಸಲ ತಿರುಗಿಸಿದರು. ಶಾಲೆಗೆ ರಜೆಯಿದ್ದ ನಾನು ಮೆಟ್ಟಿಲ ಮೇಲೆ ನಿಂತು, “ಬಂತಾ ಅತ್ತೆ?” ಎಂದು ಕೂಗುವುದು; ಕೆಳಗೆ ಟಿವಿ ಮುಂದೆ ಕೂತ ಅತ್ತೆ, “ಇಲ್ಲ” ಎನ್ನುವುದು. ಎರಡು ಗಂಟೆಯ ಹೊತ್ತಿಗೆ ಅತ್ತೆಗೆ ಬೇಸರವಾಗಿ, ಯಜಮಾನರ ಫೋನಿನಲ್ಲಿ ಹಿಂದಿನ ದಿನದ ಕಂತು ಹಾಕಿಕೊಂಡರು.

ನಾಯಕಿ ನಾಯಕನಿಗೆ ಏನೋ ಗುಟ್ಟು ಹೇಳುವ ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಂಡಿತು. ಕಾರ್ಖಾನೆಯ ಮೇಲಧಿಕಾರಿ. ಜ್ವರ ಹೇಗಿದೆ ಎಂದು ವಿಚಾರಿಸಲು ಮಾಡಿದ್ದರು, ಒಳ್ಳೆಯ ಮನುಷ್ಯ.

“ಜ್ವರವಾ? ಅವನಿಗೆಂಥ ಜ್ವರ?” ಎಂದರು ಅತ್ತೆ. “ಬೆಳಗ್ಗೆಯಿಂದ ತಾರಸಿ ಮೇಲೆ ಡಿಶ್ ತಿರುಗಿಸ್ತಾ ನಿಂತಿದಾನೆ. ನೀವು ಫೋನ್ ಇಡಿ, ಇಲ್ಲಿ ಗುಟ್ಟು ಹೇಳ್ತಿದಾಳೆ.”

ಸಂಜೆ ಐದಕ್ಕೆ ಟಿವಿಯಲ್ಲಿ ಚಿತ್ರ ಬಂತು. ಎಂಬತ್ತು ಚಾನೆಲ್ಲು ಬಂತು. ಅತ್ತೆಯ ಚಾನೆಲ್ಲು ಒಂದು ಬಿಟ್ಟು. ಅಂಗಡಿಯವರನ್ನು ಕೇಳಿದರೆ, “ಅದು ಇದರಲ್ಲಿ ಬರಲ್ಲ ಮೇಡಂ, ನೀವು ಮೊದಲು ಕೇಳಲೇ ಇಲ್ಲ” ಎಂದರು. ಯಜಮಾನರಿಗೆ ಬಿಸಿಲಿನಲ್ಲಿ ನಿಂತು ನಿಂತು ಆ ರಾತ್ರಿಯೇ ನಿಜವಾದ ಜ್ವರ ಬಂತು. ನೂರಾ ಮೂರು. ಕಾರ್ಖಾನೆಯಲ್ಲಿ ಯಾರೂ ನಂಬಲಿಲ್ಲ. ಥರ್ಮಾಮೀಟರು ಇಡುವ ತನಕ ನಾನೂ ನಂಬಿರಲಿಲ್ಲ.

ಆರು: ಮುಹೂರ್ತ

ಶುಕ್ರವಾರ ಬಂದೇ ಬಂತು. ದೊಡ್ಡ ಪರದೆಯ ಆಸೆ ಬಿಟ್ಟು ಫೋನಿನಲ್ಲೇ ನೋಡುವುದು ಎಂದು ಅತ್ತೆ ಒಪ್ಪಿಕೊಂಡಿದ್ದರು. ಯಜಮಾನರಿಗೆ ಅವತ್ತು ಎರಡನೇ ಪಾಳಿ. ಅವ್ವನ ಮದುವೆ ತಪ್ಪಬಾರದೆಂದು ಫೋನನ್ನು ಮನೆಯಲ್ಲೇ ಬಿಟ್ಟುಹೋದರು. ಅವ್ವನ ಮದುವೆ ಎಂದದ್ದು ಅವರೇ, ನಾನಲ್ಲ.

ನಾನು ಶಾಲೆಯಿಂದ ಬರುವಷ್ಟರಲ್ಲಿ ಬಾಗಿಲಿಗೆ ಮಾವಿನೆಲೆ. ಅಡುಗೆಮನೆಯಲ್ಲಿ ಹೆಸರುಬೇಳೆ ಪಾಯಸ, ಕೋಸಂಬರಿ. ಅತ್ತೆ ಹಸಿರು ರೇಷ್ಮೆ ಸೀರೆ ಉಟ್ಟು ಅಕ್ಷತೆ ಕಲಸುತ್ತಿದ್ದರು. ಏಳು ಗಂಟೆಗೆ ಹೆಂಗಸರು ಬಂದರು, ದಿನದ ನಾಲ್ವರಲ್ಲ, ಹನ್ನೊಂದು ಜನ. ಎಲ್ಲರೂ ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ. ಅರ್ಧ ಜನ ಹೆಣ್ಣಿನ ಕಡೆಯವರೆಂದು ಬಲಕ್ಕೂ ಉಳಿದವರು ಗಂಡಿನ ಕಡೆಯವರೆಂದು ಎಡಕ್ಕೂ ಕೂತರು. ಪಕ್ಕದ ಮನೆಯಾಕೆ ಮುಯ್ಯಿ ಎಂದು ಒಂದು ಸ್ಟೀಲ್ ಡಬ್ಬಿಯನ್ನೇ ತಂದಿದ್ದರು. ನಾನು ಎಲ್ಲರಿಗೂ ಅರಿಶಿನ ಕುಂಕುಮ ಕೊಟ್ಟೆ. ಗಂಡಿನ ಕಡೆಯವರಿಗೆ ಮೊದಲು ಕೊಡಲಿಲ್ಲವೆಂದು ಒಂದು ಸಣ್ಣ ಗೊಣಗಾಟವೂ ಆಯಿತು.

ಏಳೂ ಇಪ್ಪತ್ತೆಂಟಕ್ಕೆ ಫೋನು ಚೊಂಬಿಗೆ ಒರಗಿಸಿ ಒತ್ತಿದೆ. ಒಂದು ಚಕ್ರ ಬಂತು. ತಿರುಗಿತು. ತಿರುಗುತ್ತಲೇ ಇತ್ತು. ಮೇಲೊಂದು ಸಂದೇಶ: ‘ಇಂದಿನ ಡೇಟಾ ಮುಗಿದಿದೆ.’

“ಅದೆಂಗೆ ಮುಗಿಯುತ್ತೆ ಅತ್ತೆ? ಬೆಳಗ್ಗೆ ತುಂಬಾ ಇತ್ತಲ್ಲ?”

ಅತ್ತೆ ತಡವರಿಸಿದರು. “ಕಥೆ ಮರೆತೋಗಬಾರದು ಅಂತ… ಬೆಳಗ್ಗೆಯಿಂದ ನಿಂತೋದ ನಾಲ್ಕೂ ಮದುವೆ ಇನ್ನೊಂದ್ಸಲ ನೋಡ್ಬುಟ್ಟೆ ಕಣಮ್ಮ.”

ಬೇರೆ ಮನೆಗೆ ಓಡೋಣ ಎಂದರೆ ಅವತ್ತೇ ಕ್ರಿಕೆಟ್ ಮ್ಯಾಚು. “ನಮ್ಮೆಜಮಾನ್ರು ರಿಮೋಟ್ ಮೇಲೇ ಕೂತವ್ರೆ” ಎಂದರು ಒಬ್ಬರು. ಹನ್ನೊಂದು ಮನೆಯಲ್ಲೂ ಅದೇ ಕಥೆ. ಅತ್ತೆ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅಕ್ಷತೆ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ತಿಂಗಳಿಗೆ ಇನ್ನೂರು ಮುನ್ನೂರು ಉಳಿಸಲು ಹೋಗಿ ಇವರ ಆರು ವರ್ಷದ ಆಸೆ ಕೆಡಿಸಿದೆನಲ್ಲ ಎಂದು ನನಗೆ ನಿಜವಾಗಿಯೂ ಅಳು ಬಂತು. ಮೂಲೆಯ ಅಂಗಡಿಗೆ ಹೋಗಿ ರೀಚಾರ್ಜ್ ಮಾಡಿಸಿ ತರೋಣವೆಂದು ಚಪ್ಪಲಿಗೆ ಕಾಲು ಹಾಕಿದೆ. ಆಗ ಅತ್ತೆಯ ಬಟನ್ ಫೋನು ಕೂಗಿತು.

“ನಮಸ್ಕಾರ ಅಮ್ಮಾ,” ಅದೇ ಹುಣಸೂರಿನ ಹುಡುಗಿ. “ಈ ಕರೆ ರೆಕಾರ್ಡ್ ಆಗ್ತಿದೆ. ತಿಂಗಳ ಕೊನೆ ಅಮ್ಮಾ, ಟಾರ್ಗೆಟ್ ಆಗಿಲ್ಲ, ಇವತ್ತು ಒಂದಾದ್ರೂ ಕನೆಕ್ಷನ್…”

“ಅದಿರ್ಲಿ,” ಎಂದರು ಅತ್ತೆ. “ನಿಮ್ಮಾಫೀಸಲ್ಲಿ ಟಿವಿ ಇದ್ಯಾ?”

“ಗೋಡೆ ಮೇಲೊಂದು ದೊಡ್ಡದಿದೆ. ಆದ್ರೆ ಸೌಂಡ್ ಹಾಕಂಗಿಲ್ಲ ಅಮ್ಮಾ.”

“ಸೌಂಡ್ ನಾವು ಹಾಕ್ಕೋತೀವಿ. ನೀನು ಕಣ್ಣಿಗೆ ಕಂಡಿದ್ದು ಹೇಳು.”

ಒಳ್ಳೆಯ ಹುಡುಗಿ. ಯಾರಿಗೋ ಹೇಳಿ ಚಾನೆಲ್ಲು ಬದಲಾಯಿಸಿದಳು. “ಮಂಟಪ ಕಾಣ್ತಿದೆ ಅಮ್ಮಾ. ಹುಡುಗಿ ಕೂತಿದಾಳೆ.”

“ಸೀರೆ ಯಾವ ಬಣ್ಣ?” ಹನ್ನೊಂದು ಬಾಯಿ ಒಟ್ಟಿಗೆ.

“ಕೆಂಪು.”

“ಅಂಚು ದೊಡ್ಡದಾ? ಹತ್ತಿರ ಹೋಗಿ ನೋಡಮ್ಮ.”

“ಹೆಡ್‌ಫೋನ್ ವೈರು ಅಲ್ಲಿಗೆ ಬರಲ್ಲ ಅಮ್ಮಾ… ಈಗ ಯಾರೋ ದಪ್ಪಗಿರೋರು ಬಾಗಿಲಲ್ಲಿ ನಿಂತು ಕಣ್ಣು ಇಷ್ಟಗಲ ಮಾಡಿದ್ರು.”

“ಚಿಕ್ಕತ್ತೆ!” ಎಂದು ಎಲ್ಲರೂ ಉಸಿರೆಳೆದುಕೊಂಡರು. ಧಾರಾವಾಹಿಯ ಖಳನಾಯಕಿ ಅವಳು. ಪಕ್ಕದ ಮನೆಯಾಕೆ ಎದ್ದು ನಿಂತು ಅವಳದೇ ಗೊಗ್ಗರು ದನಿಯಲ್ಲಿ, “ನಿಲ್ಲಿಸಿ ಈ ಮದುವೆ!” ಎಂದು ಗದರಿದರು. ಅತ್ತೆ ನಾಯಕಿಯಾದರು: “ಸಾಕು ಚಿಕ್ಕತ್ತೆ, ಇನ್ನು ನಾನು ಹೆದರೋದಿಲ್ಲ!” ಗಂಡಿನ ಕಡೆಯಿಂದ ಒಬ್ಬರು ನಾಯಕನ ಮಾತು ಹೇಳಿದರು. ಆರು ವರ್ಷ ನೋಡಿದ ಮೇಲೆ ಇವರಿಗೆ ಸಂಭಾಷಣೆ ಬರೆದವರಿಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹೊಸ್ತಿಲಲ್ಲೇ ನಿಂತುಬಿಟ್ಟೆ.

“ಜಾಹೀರಾತು ಬಂತು,” ಎಂದಳು ಹುಡುಗಿ. “ಅಮ್ಮಾ, ಈ ಟೈಮಲ್ಲಿ ನಮ್ಮ ಪ್ಯಾಕ್ ಬಗ್ಗೆ ಹೇಳ್ಲಾ?”

“ಜಾಹೀರಾತು ತಾನೇ, ಹೇಳು,” ಎಂದರು ಅತ್ತೆ, ಪಾಯಸ ಬಡಿಸುತ್ತ.

ಮತ್ತೆ ಮಂಟಪ. ಆದರೆ ಅವಳ ಮೇಲಧಿಕಾರಿ ಸಾಲುಗಳ ನಡುವೆ ಸುತ್ತುತ್ತಿದ್ದರು ಎಂದು ಕಾಣುತ್ತದೆ. “ಹುಡುಗ ತಾಳಿ ಕೈಗೆ ತಗೊಂಡ… ನಮ್ಮ ಗೋಲ್ಡ್ ಪ್ಯಾಕಿನಲ್ಲಿ ಮೂರು ತಿಂಗಳು ಉಚಿತ ಮೇಡಂ… ಹುಡುಗಿ ತಲೆ ಬಗ್ಗಿಸಿದ್ಲು… ಇನ್‌ಸ್ಟಲೇಷನ್ನಿಗೆ ದುಡ್ಡಿಲ್ಲ…”

“ಯಾರಿಗೆ ಉಚಿತ?” ಎಂದು ಹಿಂದೆ ಕೂತವರೊಬ್ಬರು ಕೇಳಿದರು.

“ಗಂಡಿನ ಕಡೆಯವರು ಏನೋ ಕೊಡ್ತಾವ್ರೆ, ಸುಮ್ನಿರಿ,” ಎಂದರು ಮುಂದೆ ಕೂತವರು.

“ಅಮ್ಮಾ, ಚಿಕ್ಕತ್ತೆ ಓಡಿಬರ್ತಿದಾರೆ!” ಹುಡುಗಿ ಈಗ ಪ್ಯಾಕು, ಮೇಲಧಿಕಾರಿ ಎಲ್ಲ ಮರೆತಿದ್ದಳು. “ತಾಳಿ ಕಿತ್ಕೊಳ್ಳಕ್ಕೆ ಕೈ ಚಾಚಿದ್ರು… ಕಾಲು ಜಾರ್ತು ಅಮ್ಮಾ, ಕಾಲು ಜಾರ್ತು…”

ಅಷ್ಟಕ್ಕೇ ಹನ್ನೊಂದು ಜನವೂ ಕಿರುಚಿಕೊಂಡರು. ಅತ್ತೆ ಮಾತ್ರ ಫೋನನ್ನು ಕಿವಿಗೆ ಒತ್ತಿಕೊಂಡರು. ಕಣ್ಣಲ್ಲಿ ನೀರು ತುಂಬಿಕೊಂಡು, “ಕಟ್ಟ್‌ಬುಟ್ಟ! ತಾಳಿ ಕಟ್ಟ್‌ಬುಟ್ಟ!” ಎಂದರು. ಅಕ್ಷತೆಯ ಮಳೆ ಸುರಿಯಿತು. ಅತ್ತೆಯ ಮೇಲೆ, ಫೋನಿನ ಮೇಲೆ, ಪಾಯಸದ ಮೇಲೆ. ಆ ಗಲಾಟೆಯಲ್ಲಿ ಫೋನು ಕೆಳಗೆ ಬಿದ್ದು ಕರೆ ಕಟ್ಟಾಯಿತು. ನಾನೂ ಒಂದು ಹಿಡಿ ಎರಚಿದೆ, ಸುಳ್ಳು ಯಾಕೆ ಹೇಳಲಿ.

ಹೊರಡುವಾಗ ಪಕ್ಕದ ಮನೆಯಾಕೆ ಮುಯ್ಯಿಯ ಡಬ್ಬಿಯನ್ನು ಏನು ಮಾಡುವುದೆಂದು ತೋಚದೆ ನಿಂತಿದ್ದರು. “ಹುಡುಗಿಗೆ ನಾನು ತಲುಪಿಸ್ತೀನಿ ಬುಡಿ” ಎಂದು ಅತ್ತೆ ಇಸಿದುಕೊಂಡರು. ಈಗ ಅದರಲ್ಲಿ ಸಾಸಿವೆ ಇದೆ.

ಏಳು: ಶನಿವಾರದ ಕರೆ

ಮಾರನೇ ದಿನ ಮಧ್ಯಾಹ್ನ ಅತ್ತೆ ಫೋನನ್ನು ತಂದು ನನ್ನ ಕೈಗಿಟ್ಟರು. “ಯಾರೋ ದೊಡ್ಡ ಸಾಹೇಬ್ರು. ಇಂಗ್ಲಿಷಲ್ಲಿ ಕೆಮ್ತಿದಾರೆ, ನೀನೇ ಮಾತಾಡು.”

ಆ ಹುಡುಗಿಯ ಮೇಲಧಿಕಾರಿ. ದನಿ ಗಡುಸಾಗಿತ್ತು. “ಮೇಡಂ, ನಿನ್ನೆ ನಮ್ಮ ಸ್ಟಾಫು ಈ ನಂಬರಿಗೆ ಮೂವತ್ತೆಂಟು ನಿಮಿಷ ಮಾತಾಡಿದಾರೆ. ನಮ್ಮಲ್ಲಿ ಒಬ್ಬ ಗಿರಾಕಿಗೆ ಐದು ನಿಮಿಷ. ನಾನು ರೆಕಾರ್ಡಿಂಗ್ ಪೂರ್ತಿ ಕೇಳಿದೀನಿ.”

ನಮ್ಮ ಮನೆಯ ಮದುವೆಗೆ ಆ ಹುಡುಗಿಯ ಕೆಲಸ ಹೋಗುತ್ತದಲ್ಲ! ಅತ್ತೆ ಎದುರಿಗೇ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

“ಸಾರ್, ತಪ್ಪೆಲ್ಲ ನಮ್ಮದು,” ಎಂದೆ. “ಅವಳಿಗೆ ಏನೂ ಮಾಡಬೇಡಿ. ಕನೆಕ್ಷನ್ ತಗೊಳ್ಳೋಣ ಅಂತಲೇ ಅಷ್ಟು ಹೊತ್ತು ಕೇಳಿದ್ವಿ. ಅವಳ ಹೆಸರಲ್ಲೇ ಬರ್ಕೊಳ್ಳಿ.”

“ಯಾವ ಪ್ಯಾಕು ಮೇಡಂ?”

“ಗೋಲ್ಡು.”

“ಒಂದು ವರ್ಷದ್ದಾ?”

ಅತ್ತೆಯ ಮುಖ ನೋಡಿದೆ. “ವರ್ಷದ್ದೇ” ಎಂದೆ.

ಅವರು ಬರೆದುಕೊಂಡು ಮೊತ್ತ ಹೇಳಿದರು. ಮನಸ್ಸಿನಲ್ಲೇ ಹನ್ನೆರಡರಿಂದ ಭಾಗಿಸಿದೆ. ಕೇಬಲ್ಲಿಗಿಂತ ತಿಂಗಳಿಗೆ ತೊಂಬತ್ತು ರೂಪಾಯಿ ಹೆಚ್ಚು. ತುಟಿ ಕಚ್ಚಿಕೊಂಡೆ. “ಸರಿ ಮೇಡಂ, ಸೇಲ್ ಆಯ್ತಲ್ಲ, ಅವರ ಮೇಲೆ ಏನೂ ಇಲ್ಲ” ಎಂದರು. ಅತ್ತೆಗೆ ಕೈ ಸನ್ನೆ ಮಾಡಿದೆ. ಅತ್ತೆ ದೇವರ ಮನೆಯ ಕಡೆ ತಿರುಗಿ ಕೈ ಮುಗಿದರು.

ಆದರೆ ಸಾಹೇಬರು ಫೋನು ಇಡಲಿಲ್ಲ. ಆ ಕಡೆ ಕುರ್ಚಿ ಎಳೆದ ಸದ್ದು, ಬಾಗಿಲು ಹಾಕಿದ ಸದ್ದು. ಆಮೇಲೆ ದನಿ ತಗ್ಗಿಸಿ, “ಮೇಡಂ, ಒಂದ್ವಿಷಯ. ಚಿಕ್ಕತ್ತೆ ಕಾಲು ಜಾರಿದ್ರಲ್ಲ, ಅಲ್ಲಿಗೆ ನೀವೆಲ್ಲ ಕಿರುಚಿಬಿಟ್ರಿ. ನಮ್ಮ ಹುಡುಗಿ ಏನಂದ್ಲು ಅಂತ ಕೇಳಿಸ್ಲೇ ಇಲ್ಲ. ಮೂರು ಸಲ ಹಾಕಿ ಹಾಕಿ ಕೇಳಿದೆ. ನಿನ್ನೆ ಸ್ಟಾಫ್ ಮುಂದೆ ಟಿವಿ ಕಡೆ ತಿರುಗೋಕೂ ಆಗ್ಲಿಲ್ಲ. ಅವಳಿಗೆ ಇವತ್ತು ರಜೆ, ನಾನು ಮೇಲಧಿಕಾರಿ, ಫೋನ್ ಮಾಡಿ ಕೇಳಿದ್ರೆ ಚೆನ್ನಾಗಿರಲ್ಲ. ತಾಳಿ ಕಟ್ಟಿದ್ನಾ?”

“ಕಟ್ಟಿದ ಸಾರ್.”

“ಸದ್ಯ!” ಎಂದು ಉಸಿರು ಬಿಟ್ಟರು. “ಬೆಳಗ್ಗೆಯಿಂದ ಕೆಲಸದ ಮೇಲೆ ಮನಸ್ಸೇ ಇಲ್ಲ ಮೇಡಂ. ನಮ್ಮಮ್ಮನೂ ಎರಡ್ಸಲ ಫೋನ್ ಮಾಡಿ ಕೇಳಿದ್ರು.”

ನನಗೆ ಆಶ್ಚರ್ಯವಾಯಿತು. “ಅಲ್ಲ ಸಾರ್, ಊರಿಗೆಲ್ಲ ಟಿವಿ ಕನೆಕ್ಷನ್ ಕೊಡೋರು ನೀವು. ನಿಮ್ಮ ಮನೇಲಿ ನೋಡ್ಲಿಲ್ವಾ?”

“ನಮ್ಮನೇದು ಹೋದ ತಿಂಗಳೇ ತೆಗೆಸಿಬಿಟ್ಟೆ ಮೇಡಂ,” ಎಂದರು. “ತಿಂಗಳು ತಿಂಗಳು ಅಷ್ಟು ದುಡ್ಡು ಯಾರು ಕೊಡ್ತಾರೆ?”